ಒಳಕ್ಕೆ ಮಡಿಸಿದ ಬಾಲ

ಮನೆ, ಅಡುಗೆಕೋಣೆಯ ಉದ್ದ ಮೇಜು
ಮಾರ್ಚ್ ಹದಿನಾಲ್ಕು, ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಮಗನೇ,

ಹೇಗಿದ್ದೀಯಾ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲಾ ನನಗೆ ಕೇಳಿಸಬಾರದೆಂದು ಫೋನಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದೀಯೋ? ಹೋದ ಸಲ ಮಾತಾಡುವಾಗ ಎರಡು ಬಾರಿ ಸುಮ್ಮನಾದೆ. ಕೆಮ್ಮುವುದಕ್ಕೇ ಸುಮ್ಮನಾದದ್ದು, ನನಗೆ ಗೊತ್ತು. ಆ ಬಂದರಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಾನು ಹೆಣೆದು ಕಳಿಸಿದ ಟೋಪಿ ಹಾಕಿಕೊಂಡರೆ ಹಡಗು ರಿಪೇರಿಯವರೆಲ್ಲ ನಗುತ್ತಾರೆ ಎಂದಿದ್ದೆ. ನಗಲಿ ಬಿಡು, ನಿನಗೆ ಕಿವಿನೋವು ಬಂದರೆ ಅವರೇನು ಹಂಚಿಕೊಳ್ಳುತ್ತಾರೆಯೇ? ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಬೆಳಗ್ಗೆ ಎದ್ದ ಕೂಡಲೇ ಮುನಿಸಿಕೊಂಡಿರುತ್ತದೆ, ಒಲೆ ಹೊತ್ತಿಸಿ ಎರಡು ತಟ್ಟೆ ಕೇಕು ಒಳಗಿಟ್ಟ ಮೇಲೆ ತಾನಾಗಿ ಸರಿಹೋಗುತ್ತದೆ. ನಿಮ್ಮಪ್ಪನ ಆರೋಗ್ಯ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನೊಂದಕ್ಕೆ ಇವತ್ತು ನಾಳೆ ಎನ್ನುತ್ತಿದ್ದಾರೆ. ಬಲಗೈ ಸ್ವಲ್ಪ ನಡುಗುತ್ತದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ನಾನು ನೋಡಿದರೆ ಚಳಿ ಎನ್ನುತ್ತಾರೆ.

ಇಷ್ಟುದ್ದ ಕಾಗದ ಯಾಕೆ, ಫೋನ್ ಮಾಡಬಹುದಿತ್ತಲ್ಲ ಎಂದುಕೊಳ್ಳುತ್ತಿರುತ್ತೀಯಾ. ಫೋನಿನಲ್ಲಿ ನಿಮ್ಮಪ್ಪನ ವಿಷಯ ಬಂದ ಕೂಡಲೇ ನಿನ್ನನ್ನು ಅಲ್ಲಿ ಯಾರೋ ಕರೆಯುತ್ತಾರೆ. ಆರು ವರ್ಷದಿಂದ ತಪ್ಪದೆ ಅದೇ ಹೊತ್ತಿಗೆ ಕರೆಯುತ್ತಿದ್ದಾರೆ, ಎಂಥ ಶಿಸ್ತಿನ ಜನವೋ. "ಅಮ್ಮಾ, ಇಡ್ತೀನಿ" ಎಂದು ಇಟ್ಟುಬಿಡುತ್ತೀಯಾ. ಕಾಗದ ಓದುವಾಗ ನಿನ್ನನ್ನು ಯಾರೂ ಕರೆಯುವುದಿಲ್ಲ. ಹೊಟ್ಟೆ ತುಂಬಾ ಊಟ ಮಾಡಿ, ಬಾಗಿಲು ಹಾಕಿಕೊಂಡು, ಕೊನೆಯವರೆಗೂ ಓದು. ನಡುವೆ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು. ಇದಿಷ್ಟು ನನಗೋಸ್ಕರ ಮಾಡಬೇಕು.

ವಿಷಯ ಏನೆಂದರೆ, ವ್ಯಾನಿನ ಎಂಜಿನ್ನಿನಿಂದ ಕಳಚಿ ಅಟ್ಟದ ಮೇಲಿಟ್ಟಿದ್ದ ಆ ಟರ್ಬೊ ಕೆಳಗಿಳಿದಿದೆ. ಈಗ ಈ ಕಾಗದದ ಪಕ್ಕದಲ್ಲೇ, ನಾಲ್ಕು ಪದರ ಹಳೇ ಪೇಪರಿನ ಮೇಲೆ, ಒರೆಸಿ ಹೊಳೆಯುವ ಹಾಗೆ ಕೂತಿದೆ.

ಎಲ್ಲ ಶುರುವಾದದ್ದು ಗುಜರಿಯವನಿಂದ. ಹೋದ ತಿಂಗಳು ನಿಮ್ಮಪ್ಪನೇ ಅವನನ್ನು ಕರೆಸಿದ್ದರು. ವ್ಯಾನು ಶೆಡ್ಡಿನಲ್ಲಿ ನಿಂತು ನಿಂತು ಟೈರೆಲ್ಲ ನೆಲಕ್ಕೆ ಅಂಟಿದೆ, ನಾನು ಕೇಕಿನ ಡಬ್ಬಿಗಳನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಓಡಾಡಿ ಓಡಾಡಿ ಸಾಕಾಗಿ, ಕೊಟ್ಟುಬಿಡಿ ಎಂದು ಬೇಡಿದ್ದೆ. ಅವನು ಬಂದ, ವ್ಯಾನನ್ನು ಒಂದು ಸುತ್ತು ಹಾಕಿದ, ಟೈರಿಗೆ ಒದ್ದ. ಹಿಂದಿನ ಬಾಗಿಲಿಗೆ ಬಂದವನು ನಿಂತು ಓದಿ ಗೊಳ್ಳೆಂದು ನಕ್ಕುಬಿಟ್ಟ. ನೀನು ಹನ್ನೆರಡು ವರ್ಷದವನಿದ್ದಾಗ ಉಳಿದ ನೀಲಿ ಬಣ್ಣದಲ್ಲಿ ಬರೆದೆಯಲ್ಲ, "ಒಳಗೆ ಕೇಕ್ ಇದೆ, ಹಿಂದಿನಿಂದ ಗುದ್ದಬೇಡಿ" ಎಂದು, ಜಾಗ ಸಾಲದೆ ಕೊನೆಯ "ಡಿ" ಬಾಗಿಲಿನ ಹಿಡಿಯ ಮೇಲೆ ಹತ್ತಿ ಕೂತಿದೆಯಲ್ಲ, ಅದನ್ನು ಓದಿ. ನಿಮ್ಮಪ್ಪನ ಮುಖ ಕೆಂಪಗಾಯಿತು. "ಗಾಡಿ ಕೊಡಲ್ಲ, ಹೋಗಪ್ಪ" ಎಂದರು. ಆ ಮನುಷ್ಯ ನಾನೇನು ಮಾಡಿದೆ ಎಂದು ನನ್ನ ಮುಖ ನೋಡಿದ. ನಾನು ಅವನಿಗೆ ಒಂದು ತುಂಡು ಕೇಕು ಕೊಟ್ಟು ಕಳಿಸಿದೆ. ಮಾರನೇ ದಿನ ಬೆಳಗ್ಗೆ ನಿಮ್ಮಪ್ಪ ಏಣಿ ಇಟ್ಟುಕೊಂಡು ಅಟ್ಟ ಹತ್ತಿದ್ದರು, ಒಂದೇ ಕಣ್ಣು, ನಡುಗುವ ಕೈ. ನಾನು ಕೆಳಗೆ ನಿಂತು ಅವರಿಗೆ ಬಾಯಿಗೆ ಬಂದ ಹಾಗೆ ಬೈಯುತ್ತ, ಏಣಿಯನ್ನು ಎದೆಗವುಚಿ ಹಿಡಿದುಕೊಂಡಿದ್ದೆ.

ಆಮೇಲೆ ಹಳೇ ಕಾನೂನು ಮತ್ತೆ ಜಾರಿಗೆ ಬಂತು. ಮೇಜಿನ ನಡುವೆ ಅಂಟುಪಟ್ಟಿ ಎಳೆದೆ. ಕಿಟಕಿಯ ಕಡೆಯ ಅರ್ಧ ನನ್ನ ಕೇಕಿಗೆ, ಗೋಡೆಯ ಕಡೆಯ ಅರ್ಧ ಅವರ ಟರ್ಬೊಗೆ. ಪಟ್ಟಿ ದಾಟಿ ಒಂದು ಬೋಲ್ಟು ಈಚೆ ಬಂದರೂ ಕಸದ ಬುಟ್ಟಿಗೆ ಎಂದು ಎಚ್ಚರಿಕೆ ಕೊಟ್ಟಿದ್ದೇನೆ. ಆದರೆ ಸೀಮೆಎಣ್ಣೆಯ ವಾಸನೆಗೆ ಪಟ್ಟಿ ಗಿಟ್ಟಿ ಏನೂ ಲೆಕ್ಕವಿಲ್ಲ ನೋಡು. ಎದುರುಮನೆಯ ಟೀಚರು ಮಗಳ ಹುಟ್ಟುಹಬ್ಬಕ್ಕೆ ಒಯ್ದ ಕೇಕಿನಲ್ಲಿ "ಏನೋ ಹೊಸ ಎಸೆನ್ಸ್ ಹಾಕಿದ ಹಾಗಿದೆ, ಚೆನ್ನಾಗಿದೆ" ಎಂದು ಹೇಳಿ ಕಳಿಸಿದ್ದರು. ನಾನು ಹೌದು ಎಂದೆ, ಮತ್ತೇನು ಹೇಳಲಿ?

ನಿನಗೆ ಮೊದಲನೇ ಸಲ ನೆನಪಿದೆಯೇ? ನೆನಪಿಲ್ಲದೆ ಏನು, ನಿನ್ನ ನೆನಪು ನನ್ನದಕ್ಕಿಂತ ಗಟ್ಟಿ. ವ್ಯಾನು ಏರು ಹತ್ತಲಾರದೆ ಕಪ್ಪು ಹೊಗೆ ಬಿಡುತ್ತಿತ್ತು. ಅಂಗಡಿಗೆ ಒಯ್ದರೆ ಹೊಸದು ಹಾಕಿಸಿ ಎಂದರು. ನಿಮ್ಮಪ್ಪ ಮೂವತ್ತು ವರ್ಷ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು, ಅವರಿಗೆ ಆ ಮಾತು ಅವಮಾನವಾಯಿತು. ರಿಪೇರಿ ಕಿಟ್ ತಂದು ಇದೇ ಮೇಜಿನ ಮೇಲೆ ಬಿಚ್ಚಲು ಕೂತರು, ಪಕ್ಕದಲ್ಲಿ ನೀನು. ನಾನು ಏನು ಇದು, ನನ್ನ ಮೇಜನ್ನು ಗ್ಯಾರೇಜು ಮಾಡಿದ್ದೀರಿ ಎಂದು ಗೊಣಗುತ್ತಲೇ ನಿಮ್ಮಿಬ್ಬರ ಹೆಗಲ ಮೇಲಿಂದ ಇಣುಕುತ್ತಿದ್ದೆ. ಗಾಳಿ ತಳ್ಳುವ ಆ ಅಲ್ಯುಮಿನಿಯಂ ಫ್ಯಾನು ಬಿಚ್ಚುವ ಮೊದಲು, ಮತ್ತೆ ಅದೇ ಜಾಗಕ್ಕೆ ಕೂಡಿಸಬೇಕು, ಕೂದಲೆಳೆಯಷ್ಟು ತಪ್ಪಿದರೂ ಬ್ಯಾಲೆನ್ಸು ಹೋಗುತ್ತದೆ, ಗುರುತು ಹಾಕಬೇಕು ಎಂದರು. ಸೀಸದಕಡ್ಡಿ ನಿಲ್ಲಲಿಲ್ಲ. ನಾನು ದೊಡ್ಡ ಜಾಣೆಯ ಹಾಗೆ ಕೇಕಿನ ಬಣ್ಣ ತಂದುಕೊಟ್ಟೆ, ಸೀಮೆಎಣ್ಣೆಗೆ ಇಳಿಸಿದ ಕೂಡಲೇ ತೊಳೆದುಹೋಯಿತು. ನೀನು ಎದ್ದು ಹೋಗಿ ನನ್ನ ಕನ್ನಡಿಯ ಮುಂದಿದ್ದ ಉಗುರುಬಣ್ಣ ತಂದು ಮೂರು ಚುಕ್ಕೆ ಇಟ್ಟೆ. ಶಾಫ್ಟಿನ ತುದಿಗೆ ಒಂದು, ಫ್ಯಾನಿಗೆ ಒಂದು, ನಟ್ಟಿಗೆ ಒಂದು, ಮೂರೂ ಒಂದೇ ಸಾಲಿನಲ್ಲಿ. ಆ ಬಾಟ್ಲಿ ಯಾರದೋ ಮದುವೆಗೆ ಹೋಗಲೆಂದು ತಂದದ್ದು, ಮುಚ್ಚಳ ತೆಗೆದದ್ದು ಅದೇ ಎರಡನೇ ಸಲ.

ಆಮೇಲೆ ಆ ನಟ್ಟಿನ ಗಲಾಟೆ. ನೀನು ಚಿಕ್ಕವನಿದ್ದಾಗ ಜಾಮಿನ ಬಾಟ್ಲಿ ಕೊಟ್ಟು "ಎಡಕ್ಕೆ ಬಿಚ್ಚು, ಬಲಕ್ಕೆ ಬಿಗಿ" ಎಂದು ಕಲಿಸಿದವರು ಅವರೇ. ಈ ನಟ್ಟನ್ನು ಎಡಕ್ಕೆ ತಿರುಗಿಸಿದ್ದೇ ತಿರುಗಿಸಿದ್ದು, ಕತ್ತಿನ ನರ ಉಬ್ಬಿತು, ಬೆವರು ಸುರಿಯಿತು, ಬಿಡಲೊಲ್ಲದು. ನೀನು ಮೆಲ್ಲಗೆ "ಅಪ್ಪಾ, ಇದು ಉಲ್ಟಾ" ಎಂದೆ. ಅವರು ನಿನ್ನನ್ನು ದುರುಗುಟ್ಟಿ ನೋಡಿದರು. ಫ್ಯಾನು ತಿರುಗುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಅದಕ್ಕೆ ಉಲ್ಟಾ ಥ್ರೆಡ್ ಎಂದು ನೀನು ವಿವರಿಸಿದೆ. ಬಲಕ್ಕೆ ತಿರುಗಿಸಿದರು, ಬಂತು. ನಟ್ಟನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿ "ಚಿಕ್ಕ ಮೇಸ್ತ್ರಿಗೆ ಒಂದು ಕಾಫಿ ಕೊಡೇ" ಎಂದರು. ಅವತ್ತಿನಿಂದ ಅವರ ಬಾಯಲ್ಲಿ ನೀನು ಚಿಕ್ಕ ಮೇಸ್ತ್ರಿ ಆದೆ. ನಿನಗಾಗ ಇಪ್ಪತ್ಮೂರು ವರ್ಷ, ಮೀಸೆ ಬಂದಿತ್ತು, ಆದರೂ ಆ ಹೆಸರು ಕೇಳಿದಾಗಲೆಲ್ಲ ನಿನ್ನ ಕಿವಿ ಅರಳುತ್ತಿತ್ತು. ಆ ಎಂಟು ಹತ್ತು ದಿನ ಈ ಮನೆಯಲ್ಲಿ ಇದ್ದ ಸಂತೋಷ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲಂತೂ ಇಲ್ಲವೇ ಇಲ್ಲ. ನೀವಿಬ್ಬರೂ ಆಚೆ ಕಡೆ ಬ್ರಷ್ಷಿನಲ್ಲಿ ಉಜ್ಜುತ್ತ, ನಾನು ಈಚೆ ಕಡೆ ಕ್ರೀಮು ಎಳೆಯುತ್ತ. ಕೇಕಿನ ಅಂಚು ಸುತ್ತಿ ಬಂದ ಮೇಲೆ ಕೊನೆಗೆ ಒಂದು ಸಣ್ಣ ಬಾಲ ಎಳೆದು ಒಳಕ್ಕೆ ಮಡಿಸುವುದು ನನ್ನ ಅಭ್ಯಾಸ, ಸೇರಿಕೆ ಕಾಣಬಾರದೆಂದು. ನೀನು ಮೂರು ವರ್ಷದವನಿದ್ದಾಗಿನಿಂದಲೂ "ಬಾಲ ನಂಗೆ" ಎಂದು ಬೆರಳು ಚಾಚುತ್ತಿದ್ದೆ, ನಾನು ಎರಡನೇ ಬಾಲವನ್ನು ನಿನ್ನ ಬೆರಳಿನ ಮೇಲೇ ಎಳೆಯುತ್ತಿದ್ದೆ. ಇಪ್ಪತ್ಮೂರಕ್ಕೂ ಬಿಡಲಿಲ್ಲ, ಕರಿ ಗ್ರೀಸಿನ ಬೆರಳು ಚಾಚಿ "ಬಾಲ ನಂಗೆ" ಎಂದಿದ್ದೆ. ಕೈ ತೊಳೆದುಕೊಂಡು ಬಾರೋ ಕತ್ತೆ ಎಂದು ಗದರಿಸಿದ್ದೆ. ಕೊಡಬಹುದಿತ್ತು ಎಂದು ಈಗ ಅನಿಸುತ್ತದೆ.

ಆ ಶನಿವಾರದ ವಿಷಯ ಬರೆಯದೆ ಮುಂದಕ್ಕೆ ಹೋಗಲಾಗದು. ನೀರಿನ ಲೋಟ ಹತ್ತಿರ ಇಟ್ಟುಕೊಂಡಿದ್ದೀಯಾ?

ಟರ್ಬೊ ವ್ಯಾನಿಗೆ ಕೂತಿತ್ತು. ಉಳಿದದ್ದು ಎಣ್ಣೆಯ ಪೈಪೊಂದೇ. ನಿಮ್ಮಪ್ಪ ಬೆಳಗ್ಗೆಯಿಂದ ಹತ್ತು ಸಲ ಹೇಳಿದ್ದರು, ಒಣ ಬೇರಿಂಗಿನ ಮೇಲೆ ಸ್ಟಾರ್ಟ್ ಮಾಡಿದರೆ ಅರೆಗಳಿಗೆಯಲ್ಲಿ ಸುಟ್ಟುಹೋಗುತ್ತದೆ, ಮೊದಲು ಕುಡಿಸಬೇಕು ಎಂದು. ಎಣ್ಣೆ ತುಂಬುವುದಕ್ಕೆ ಅವರದು ಅದೇ ಮಾತು, ಮಗುವಿಗೆ ಹಾಲು ಕುಡಿಸುವ ಹಾಗೆ. ಅವರು ಬ್ಯಾಟರಿ ತರಲು ಹೋದಾಗ ನೀನು ಕುಡಿಸಿದೆ. ಊಟ ಮಾಡಿ, ಪೈಪು ಬಿಗಿದು, ನೀನೇ ಸ್ಟಾರ್ಟ್ ಮಾಡಿಕೊಂಡು ಹೊರಟೆ. ಎರಡನೇ ತಿರುವು ದಾಟುವಷ್ಟರಲ್ಲಿ ಟರ್ಬೊದ ಆ ಕಿರುಚಾಟ. ಇಲ್ಲಿ ಒಲೆಯ ಮುಂದೆ ನಿಂತಿದ್ದ ನನಗೆ ಕೇಳಿಸಿತು. ನೀನು ತಕ್ಷಣ ಆಫ್ ಮಾಡಿದೆಯಂತೆ. ಪಕ್ಕದ ಬೀದಿಯವರೆಲ್ಲ ಸೇರಿ ವ್ಯಾನು ತಳ್ಳಿಕೊಂಡು ಬಂದರು. ನಿಮ್ಮಪ್ಪ ಫ್ಯಾನನ್ನು ಬೆರಳಲ್ಲಿ ಅಲುಗಿಸಿ ನೋಡಿದರು, ಅದು ತಿರುಗಲಿಲ್ಲ. ಎಲ್ಲರ ಎದುರಿಗೆ "ಕುಡಿಸಿದ್ಯಾ?" ಎಂದು ಕೇಳಿದರು. "ಕುಡಿಸಿದೆ" ಎಂದೆ. "ಸುಳ್ಳು" ಎಂದರು. ನೀನು ಇನ್ನೊಂದು ಸಲ "ಅಪ್ಪಾ, ಕುಡಿಸಿದೆ" ಎಂದೆ. "ಸುಳ್ಳು ಹೇಳೋನು ನನ್ನ ಸಾಮಾನು ಮುಟ್ಟಬೇಡ" ಎಂದರು. ಅಷ್ಟೇ. ಮೂರನೇ ದಿನ ನಿನ್ನ ಪೆಟ್ಟಿಗೆ ಬಾಗಿಲ ಹತ್ತಿರ ಇತ್ತು. ಅವರು ಸಿಟ್ಟಿನಲ್ಲಿ ಟರ್ಬೊವನ್ನು ಪೈಪಿನ ಸಮೇತ ಕಳಚಿ, ಕೇಕಿನ ದೊಡ್ಡ ಡಬ್ಬಿಗೆ ತುರುಕಿ, ಅಟ್ಟಕ್ಕೆ ಎಸೆದರು. ಒಳಗೆ ಏನಾಗಿದೆ ಎಂದು ನೋಡಲೂ ಇಲ್ಲ. ಬಿಚ್ಚಿ ನೋಡಿ ಎಂದು ನಾನು ಒಂದು ಮಾತು ಹೇಳಿದ್ದಕ್ಕೆ "ನೋಡೋದೇನಿದೆ" ಎಂದರು.

ಇರಲಿ, ಈಗಿನ ಕಥೆಗೆ ಬರುತ್ತೇನೆ. ಈ ಸಲ ನಿಮ್ಮಪ್ಪನಿಗೆ ಬಾಯಿ, ನನಗೆ ಕೈ. ಅವರ ಕೈಗೆ ಸಣ್ಣ ಲಾಕ್ ರಿಂಗು ಸಿಕ್ಕುವುದಿಲ್ಲ, ಸಿಕ್ಕರೆ ಎಲ್ಲಿಗೋ ಹಾರುತ್ತದೆ. ಒಂದು ರಿಂಗು ನನ್ನ ಮೈದಾ ಡಬ್ಬಿಯೊಳಗೆ ಹಾರಿ, ಅಷ್ಟೂ ಹಿಟ್ಟು ಜರಡಿ ಹಿಡಿದ ಮೇಲೆ ಸಿಕ್ಕಿತು. ಸಕ್ಕರೆಯ ಗುಲಾಬಿ ಮಾಡಿದ ಕೈಗೆ ಇದೆಲ್ಲ ಏನು ಮಹಾ ಎಂದು ನಾನು ಚಿಮಟ ಹಿಡಿದು ಕೂತೆ. ಈಗ ನನಗೆ ಎಲ್ಲ ಗೊತ್ತಿದೆ, ನಗಬೇಡ. ಹೊಗೆಯ ರಭಸಕ್ಕೆ ಒಂದು ಫ್ಯಾನು ತಿರುಗುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಫ್ಯಾನು ಎಂಜಿನ್ನಿಗೆ ಗಾಳಿ ತಳ್ಳುತ್ತದೆ, ನಡುವೆ ಎರಡು ಬೇರಿಂಗು, ಆ ಬೇರಿಂಗಿಗೆ ಮೇಲಿನಿಂದ ಒಂದೇ ತೂತಿನಲ್ಲಿ ಎಣ್ಣೆ. ಹೌಸಿಂಗು, ಅಂದರೆ ಹೊರಚಿಪ್ಪು, ತೆಗೆದಾಗ ಮೊದಲು ಕಂಡದ್ದು ನಿನ್ನ ಮೂರು ಚುಕ್ಕೆ. ಬಣ್ಣ ಕಂದಿದೆ, ಆದರೆ ಸಾಲು ಒಂದಿಷ್ಟೂ ಅಲುಗಿಲ್ಲ. ನಿಮ್ಮಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಅವನ ಗುರುತು ಹಾಗೇ ಇದೆ ನೋಡೇ" ಎಂದರು. ನನಗೆ ಅಳು ಬಂತು, ಸೀಮೆಎಣ್ಣೆ ಕಣ್ಣಿಗೆ ಬಿತ್ತು ಎಂದೆ. ಆರು ವರ್ಷದಲ್ಲಿ ಅವರು ನಿನ್ನ ವಿಷಯ ತಾವಾಗಿ ಎತ್ತಿದ್ದು ಅದೇ ಮೊದಲು.

ಬುಧವಾರ ಮಧ್ಯಾಹ್ನ ಎಣ್ಣೆಯ ಪೈಪು ಕಳಚಿದೆವು. ಅವರು ಹೇಳಿದ ಹಾಗೆ ಎರಡು ಬೋಲ್ಟು ಬಿಚ್ಚಿ, ಮೆಲ್ಲಗೆ ಎತ್ತಿದೆ. ತೂತು ಕಾಣಲಿಲ್ಲ. ತೂತು ಇರಬೇಕಾದ ಜಾಗದಲ್ಲಿ ಕೆಂಪಗೆ ಏನೋ ಇತ್ತು. ಚಿಮಟದಲ್ಲಿ ಹಿಡಿದು ಎಳೆದರೆ ರಬ್ಬರಿನ ಹಾಗೆ ಬಂತು, ಕಿರುಬೆರಳಿನ ಉಗುರಿನಷ್ಟು. ಗ್ಯಾಸ್ಕೆಟ್ ಪೇಸ್ಟು. ನಿಮ್ಮಪ್ಪ ಎಲ್ಲ ಸೇರಿಕೆಗೂ ಬೆಣ್ಣೆ ಬಳಿದ ಹಾಗೆ ಬಳಿಯುತ್ತಾರಲ್ಲ, ಅದೇ ಕೆಂಪು ಪೇಸ್ಟು. ಪೈಪು ಬಿಗಿದಾಗ ಒತ್ತಡಕ್ಕೆ ಒಳಕ್ಕೆ ನುಗ್ಗಿ, ಅಲ್ಲೇ ಗಟ್ಟಿಯಾಗಿ, ಬಿರಡೆ ಹಾಕಿದ ಹಾಗೆ ಕೂತುಬಿಟ್ಟಿತ್ತು. ನೀನು ಕುಡಿಸಿದ ಎಣ್ಣೆ ಎರಡು ತಿರುವಿನವರೆಗೆ ಸಾಕಾಯಿತು. ಆಮೇಲೆ ಮೇಲಿನಿಂದ ಒಂದು ಹನಿಯೂ ಇಳಿಯಲಿಲ್ಲ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ನನ್ನ ಮುಖವನ್ನೂ ಒಂದು ಸಲ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು "ನಂದೇ ಕೈಕೆಲಸ. ನಾನೇ ಬಳಿದಿದ್ದು" ಎಂದರು. ಎದ್ದು ಹೊರಗೆ ಹೋಗಿ ವ್ಯಾನಿನಲ್ಲಿ ಡ್ರೈವರ್ ಸೀಟಿನ ಮೇಲೆ ಕೂತರು. ಕಾಫಿ ಒಯ್ದು ಕೊಟ್ಟರೆ ಕುಡಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಂದು, ನಿಂತುಕೊಂಡೇ ನನಗೆ ಹೇಳಿದರು: "ಅವನಿಗೆ ಬರಿ. ಅವನು ಕುಡಿಸಿದ್ದು ನಿಜ ಅಂತ ಬರಿ. ನಾನು ಅಂದದ್ದೇ ಸುಳ್ಳು ಅಂತ ಬರಿ." ನೀವೇ ಬರೆಯಿರಿ ಎಂದೆ. ಕೈ ತೋರಿಸಿದರು.

ಅದಕ್ಕೇ ಈ ಕಾಗದ. ಬುಧವಾರ ಹೇಳಿದ್ದನ್ನು ಭಾನುವಾರ ಬರೆಯುತ್ತಿದ್ದೇನೆ. ನಡುವೆ ಯಾಕೆ ನಾಲ್ಕು ದಿನ ಸುಮ್ಮನಿದ್ದೆ ಎಂದು ಕೇಳಬೇಡ, ಕೇಕಿನ ಕೆಲಸ ಇತ್ತು ಎಂದಿಟ್ಟುಕೋ.

ಗುರುವಾರ ಶಾಫ್ಟನ್ನು ಲೇಥ್ ಅಂಗಡಿಗೆ ಒಯ್ದರು. ಅಳತೆ ನೋಡಿ ಅಂಗಡಿಯವನಿಗೇ ಆಶ್ಚರ್ಯ. ಬೇರಿಂಗು ಪೂರ್ತಿ ಹೋಗಿದ್ದರೂ ಶಾಫ್ಟು ಸ್ವಲ್ಪ ನೀಲಿಗಟ್ಟಿದ್ದು ಬಿಟ್ಟರೆ ಗಟ್ಟಿಯಾಗಿದೆಯಂತೆ, ಓಡಿಸುತ್ತಿದ್ದವನು ಶಬ್ದ ಬಂದ ಕ್ಷಣವೇ ಆಫ್ ಮಾಡಿರಬೇಕು, ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ ಎಂದನಂತೆ. ಬ್ಯಾಲೆನ್ಸೂ ನೋಡಿ ಕೊಟ್ಟ. ನಿಮ್ಮಪ್ಪ ಮನೆಗೆ ಬಂದು ಇದನ್ನು ನನಗೆ ಮೂರು ಸಲ ಹೇಳಿದರು, ಮೂರು ಸಲವೂ ಹೊಸದಾಗಿ ಹೇಳುವವರ ಹಾಗೆ. ಶುಕ್ರವಾರ ಹೊಸ ಬೇರಿಂಗು ಕೂಡಿಸಿದೆ, ಲಾಕ್ ರಿಂಗು ಹಾಕಿದೆ, ಶಾಫ್ಟು ಇಳಿಸಿದೆ, ನಿನ್ನ ಚುಕ್ಕೆ ನೋಡಿಕೊಂಡು ಫ್ಯಾನು ಕೂಡಿಸಿದೆ. ಊದಿದರೆ ಸಾಕು, ಗಾಳಿಗಿರಿಗಿಟ್ಟಲೆಯ ಹಾಗೆ ತಿರುಗುತ್ತದೆ. ಇನ್ನೇನು ನಟ್ಟು ಹಾಕಬೇಕು ಎಂದು ಪಾನಾ ಕೈಗೆತ್ತಿಕೊಂಡರೆ ನಿಮ್ಮಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. "ಬೇಡ. ಅದು ಉಲ್ಟಾ ಅಂತ ಗೊತ್ತಿರೋನು ಬೇರೆ ಇದ್ದಾನೆ" ಎಂದರು. ನನಗೂ ಗೊತ್ತಿದೆ ಎಂದೆ, ಕೇಳಿಸಿಕೊಳ್ಳಲಿಲ್ಲ. ಆ ನಟ್ಟು ಈಗ ಏಲಕ್ಕಿ ಡಬ್ಬಿಯಲ್ಲಿದೆ, ಏಲಕ್ಕಿಯನ್ನು ಬೇರೆ ಕಡೆಗೆ ಓಡಿಸಿದ್ದೇನೆ. ಕೇಕಿಗೆ ಪಾಕ ಬಿಡುವ ನನ್ನ ಸಿರಿಂಜಿಗೆ ಆ ದಿನಗಳಲ್ಲಿ ಒಮ್ಮೆ ನೀನು ಎಣ್ಣೆ ತುಂಬಿದ್ದಕ್ಕೆ ನಾನು ರೇಗಿದ್ದೆನಲ್ಲ, ಈ ಸಲ ಅವರೇ ಒಂದು ಹೊಸದು ತಂದು ಎಣ್ಣೆಯ ಡಬ್ಬದ ಪಕ್ಕದಲ್ಲಿ ಇಟ್ಟಿದ್ದಾರೆ.

ಬಾ ಎಂದು ನಾನು ಜೋರು ಮಾಡುವುದಿಲ್ಲ. ಎರಡು ದಿನದ ದಾರಿ, ನಿನಗೂ ಕೆಲಸ ಇರುತ್ತದೆ, ಸಿಟ್ಟೂ ಇರುತ್ತದೆ. ಆರು ವರ್ಷದ ಸಿಟ್ಟು ಒಂದು ಕಾಗದಕ್ಕೆ ಇಳಿಯಬೇಕೆಂದು ನಾನು ಹಟ ಹಿಡಿಯಲಾರೆ. ಆದರೆ ನಿನ್ನ ಕೋಣೆಯ ಕಿಟಕಿಗೆ ಹೊಸ ಬಲೆ ಹಾಕಿಸಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದೇನೆ, ಸುಮ್ಮನೆ ತಿಳಿದಿರಲಿ ಎಂದು ಬರೆದೆ. ಊಟ ಬಿಡಬೇಡ. ಒದ್ದೆ ಬೂಟಿನಲ್ಲಿ ಕೂರಬೇಡ. ಹೋದಲ್ಲಿ ಬಂದಲ್ಲಿ ನಿನಗೆ ಒಳ್ಳೆಯವರೇ ಸಿಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ, ನೂರು ಕಾಲ ಚೆನ್ನಾಗಿರು.

ನಿನ್ನನ್ನು ದಿನಾ ನೆನೆಯುವ,
ಅಮ್ಮ

ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಸುಳ್ಳು, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಆ ಪೇಸ್ಟು ನಿಮ್ಮಪ್ಪ ಹಚ್ಚಿದ್ದಲ್ಲ ಮಗಾ. ನಾನು ಹಚ್ಚಿದ್ದು. ಆ ಶನಿವಾರ ನಿನ್ನನ್ನು ಊಟಕ್ಕೆ ಕರೆಯಲು ಶೆಡ್ಡಿಗೆ ಬಂದೆ. ನೀನು ಕೈ ತೊಳೆಯಲು ಹೋಗಿದ್ದೆ. ಪೈಪು ಸುಮ್ಮನೆ ಕೂಡಿಸಿಟ್ಟಿತ್ತು, ಕೆಳಗೆ ಬರೀ ಒಣ ಗ್ಯಾಸ್ಕೆಟ್ ಹಾಳೆ. ನಿಮ್ಮಪ್ಪ ಎಲ್ಲಕ್ಕೂ ಪೇಸ್ಟು ಬಳಿಯುವವರು, ಹುಡುಗ ಮರೆತಿದ್ದಾನೆ, ಈಗ ಅವರು ಬಂದು ನೋಡಿದರೆ ಬೈಸಿಕೊಳ್ಳುತ್ತಾನೆ ಎಂದುಕೊಂಡೆ. ಟ್ಯೂಬು ಅಲ್ಲೇ ಇತ್ತು, ಮೂತಿಯೂ ಕ್ರೀಮಿನ ಕೊಳವೆಯ ಹಾಗೇ ಇತ್ತು. ಪೈಪೆತ್ತಿ ಸುತ್ತಲೂ ಎಳೆದೆ, ಗಟ್ಟಿಯಾಗಿರಲಿ ಎಂದು ಎರಡು ಸುತ್ತು, ಕೊನೆಗೆ ಒಂದು ಬಾಲ ಎಳೆದು ಒಳಕ್ಕೆ ಮಡಿಸಿದೆ. ಹೊರಗೆ ಇಣುಕಿದ್ದನ್ನು ಸೆರಗಿನಲ್ಲಿ ಒರೆಸಿದೆ. ಎಣ್ಣೆ ಬರುವ ದಾರಿ ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ. ನೀವು ಜಗಳವಾಡುವಾಗಲೂ ಗೊತ್ತಿರಲಿಲ್ಲ. ಬುಧವಾರ ಚಿಮಟದ ತುದಿಯಲ್ಲಿ ಆ ಮಡಿಸಿದ ಬಾಲ ನೋಡಿದಾಗ ಗೊತ್ತಾಯಿತು. ನಿಮ್ಮಪ್ಪ ನಂದು ಎಂದಾಗ ನಾನು ಬಾಯಿ ಬಿಡಲಿಲ್ಲ. ನಿನ್ನನ್ನು ಬೈಗುಳದಿಂದ ಉಳಿಸಲು ಹೋಗಿ ಮನೆಯಿಂದಲೇ ಕಳಿಸಿಬಿಟ್ಟೆ. ಅದನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ಬಾಲ ಯಾವಾಗಲೂ ನಿನ್ನದೇ ಅಲ್ಲವೇ. ನನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಸರಿ, ನಿಮ್ಮಪ್ಪನ ಮೇಲಿನದನ್ನು ಇಳಿಸು. ಈಗ ಎದ್ದು ಹೋಗಿ ಇದನ್ನು ಅವರಿಗೂ ಓದಿ ಹೇಳುತ್ತೇನೆ, ಹೇಳದೆ ಲಕೋಟೆ ಅಂಟಿಸುವುದಿಲ್ಲ.

ಮತ್ತೆ ಬರೆಯುತ್ತಿದ್ದೇನೆ, ಸೋಮವಾರ ಬೆಳಗಾಗಿ ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು. ನಿನ್ನೆಯೇ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. "ಗೊತ್ತಿತ್ತು. ಅಷ್ಟು ನೀಟಾಗಿ ಬಾಲ ಎಳೆಯೋರು ಈ ಮನೇಲಿ ಇನ್ಯಾರಿದ್ದಾರೆ?" ಎಂದರು. ಮತ್ತೆ ನಿಮ್ಮದು ಅಂತ ಯಾಕೆ ಅಂದಿರಿ ಎಂದು ನಾನು ಅತ್ತೆ. "ಪೇಸ್ಟ್ ಯಾರು ಹಚ್ಚಿದರೇನು, ಅವನ್ನ ಸುಳ್ಳ ಅಂದೋನು ನಾನಲ್ವಾ" ಎಂದರು. ಆಮೇಲೆ ಪೆನ್ನು ಕೇಳಿದರು. ಈ ಕೆಳಗಿನದು ಅವರದೇ ಕೈ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಬರೆದದ್ದು, ಓದಲು ಕಷ್ಟವಾದರೆ ಬೆಳಕಿಗೆ ಹಿಡಿ.

ಚಿಕ್ಕ ಮೇಸ್ತ್ರಿ, ನಟ್ಟು ಬಿಗಿದಿಲ್ಲ. ನೀನೇ ಬಂದು ಕುಡಿಸು. ಅಪ್ಪ.